ಚಪ್ಪಲಿ ಕಚ್ಚುವ ಮರಿ

ಹಿಂದೂಪುರದ ನಮ್ಮ ಹುಣಸೆಹಣ್ಣಿನ ಮಂಡಿಗೆ ಬಂದು ಸೇರಿದ ಬೀದಿಮರಿಗೆ ಈಗ ಐದು ತಿಂಗಳು. ಚಪ್ಪಲಿ, ಲೆಕ್ಕದ ಪುಸ್ತಕದ ಅಂಚು, ಮಗುವಿನ ಕೈ, ಎಲ್ಲಕ್ಕೂ ಬಾಯಿ. "ಕೋಲು ತಗೊಳ್ಳಿ, ಇಲ್ಲ ಸಂತೆಯಲ್ಲಿ ಬಿಟ್ಟುಬನ್ನಿ" ಎಂದರು ಕಲ್ಯಾಣದುರ್ಗದ ಸೋದರತ್ತೆ. ಎರಡೂ ನಮ್ಮಿಂದಾಗದು.

ನಾಲ್ಕರಿಂದ ಆರು ತಿಂಗಳಲ್ಲಿ ಹಾಲುಹಲ್ಲು ಬಿದ್ದು ಹೊಸವು ಹುಟ್ಟುತ್ತವೆ. ಒಸಡು ನವೆಯುವಾಗ ಕಚ್ಚದೆ ಏನು ಮಾಡೀತು? ಗಂಟುಹಾಕಿದ ಹಳೇ ಬಟ್ಟೆ ಕೊಟ್ಟೆವು. ಕೈ ಕಚ್ಚಿದರೆ ಸದ್ದಿಲ್ಲದೆ ಆಟ ಬಿಟ್ಟು ಏಳುತ್ತೇವೆ. ಗಿರಾಕಿಗಳ ಮೇಲೆ ಹಾರಿದರೆ ಯಾರೂ ಮಾತಾಡಿಸುವುದಿಲ್ಲ. ನಾಲ್ಕು ಕಾಲೂ ನೆಲದ ಮೇಲಿದ್ದರೆ ಮಾತ್ರ ಮುದ್ದು. ರೊಟ್ಟಿಚೂರನ್ನು ಮೂಗಿನೆದುರಿನಿಂದ ತಲೆಯ ಮೇಲೆ ಹಿಂದಕ್ಕೊಯ್ದರೆ ತಾನೇ ಕೂರುತ್ತದೆ. ಆಗ "ಕೂತ್ಕೋ" ಎನ್ನಬೇಕು. ಹೊತ್ತು ಮುಳುಗುವ ಮುನ್ನ ನಮ್ಮ ಊಟ, ಅದರದೂ ಆಗಲೇ. ಉಂಡೊಡನೆ ಹಿತ್ತಲಿಗೆ ಕರೆದೊಯ್ಯುತ್ತೇವೆ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೇ ಹಾಕಿಸಿದ್ದೇವೆ.

ಮಗುವಿನ ಜೊತೆ ಮಾತ್ರ ಇನ್ನೂ ಅದನ್ನು ಒಂಟಿಯಾಗಿ ಬಿಡುವುದಿಲ್ಲ.