ಬಕಾಸುರನ ಊರಿನಲ್ಲಿ ಎರಡು ತುತ್ತು

ಬೆಂಗಳೂರಿನಿಂದ ಹೊಸಕೋಟೆಯ ಮಾರ್ಗವಾಗಿ ಚಿಂತಾಮಣಿಯ ಕಡೆಗೆ ಸುಮಾರು ಎರಡು ಗಂಟೆಗಳ ಕಾಲ ಪ್ರಯಾಣ ಮಾಡಿದರೆ, ಎಚ್. ಕ್ರಾಸನ್ನು ದಾಟಿದ ಮೇಲೆ, ಬಂಡೆಗಳನ್ನು ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತಿರುವ ಬೆಟ್ಟದ ಸಾಲು ಕಣ್ಣಿಗೆ ಬೀಳುತ್ತದೆ. ಅದರ ಬುಡದಲ್ಲಿರುವ ಊರೇ ಕೈವಾರ. ವರ್ಷವೆಲ್ಲ ಹರಿಯುವ ನದಿಯೊಂದೂ ಇಲ್ಲದ ಸೀಮೆಯಿದು. ಕೆರೆಯ ನೀರು, ಕೊಳವೆ ಬಾವಿಯ ನೀರು ಇವುಗಳನ್ನೇ ನಂಬಿ ಇಲ್ಲಿನ ರೈತರು ಹಿಪ್ಪುನೇರಳೆ, ಟೊಮೇಟೊ, ರಾಗಿಗಳನ್ನು ಬೆಳೆಯುತ್ತಾರೆ. ಒಂದೇ ಮನೆಯ ಜಗುಲಿಯ ಮೇಲೆ ಕನ್ನಡ ತೆಲುಗು ಎರಡೂ ಜೊತೆಜೊತೆಯಾಗಿ ಕೇಳಿಬರುತ್ತವೆ. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕು ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ.

ಈ ಊರಿಗೆ ಎರಡು ಹೆಸರುಗಳಿಂದ ಪ್ರಸಿದ್ಧಿ ಬಂದಿದೆ. ಒಂದು, ಕೈವಾರದ ತಾತಯ್ಯನವರೆಂದೇ ಜನ ಭಕ್ತಿಯಿಂದ ಕರೆಯುವ ಯೋಗಿ ನಾರೇಯಣ ಯತೀಂದ್ರರದು. ಮತ್ತೊಂದು, ಬಂಡಿಯನ್ನವನ್ನು ಉಂಡು ಕೊನೆಗೆ ಭೀಮನಿಂದ ಹತನಾದ ಬಕಾಸುರನದು. ಮಿತಾಹಾರಿಯಾದ ಯೋಗಿಗೂ ಹೊಟ್ಟೆಬಾಕನಾದ ರಾಕ್ಷಸನಿಗೂ ಒಂದೇ ಬೆಟ್ಟ ನೆರಳು ಕೊಟ್ಟಿರುವುದು ಸೋಜಿಗವಲ್ಲವೆ? ನನ್ನಂಥವನಿಗಂತೂ ಇವರಿಬ್ಬರಲ್ಲಿ ಯಾರ ಊರಿಗೆ ಹೊರಟಿದ್ದೇನೆಂಬುದೇ ದಾರಿಯುದ್ದಕ್ಕೂ ಬಗೆಹರಿಯದ ಪ್ರಶ್ನೆಯಾಗಿತ್ತು. ಅದಕ್ಕೆ ಕಾರಣವನ್ನು ಹೇಳಬೇಕು.

ನಾನು ಹೊರಟದ್ದು ತಾಯಿಯವರ ಹರಕೆಯನ್ನು ತೀರಿಸುವುದಕ್ಕಾಗಿ. 2023ರಲ್ಲಿ ದೇಹದ ತೂಕವನ್ನು ಇಳಿಸುವುದಕ್ಕೆಂದು ನನ್ನ ಜಠರಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಅಂದು ಅವರು ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತು, “ಮಗ ತನ್ನ ಕಾಲಮೇಲೆ ತಾನು ನಡೆದು ಬೆಟ್ಟ ಹತ್ತುವಂತಾಗಲಿ, ತಾತಯ್ಯಾ” ಎಂದು ಬೇಡಿಕೊಂಡಿದ್ದರಂತೆ. ಶಿಡ್ಲಘಟ್ಟದ ಕಡೆಯವರಾದ ಅವರಿಗೆ ಕೈವಾರವು ಚಿಕ್ಕಂದಿನಿಂದ ಪರಿಚಿತವಾದ ಕ್ಷೇತ್ರ. ಒಂದೂವರೆ ವರ್ಷ ಕಳೆದ ಮೇಲೆ ಆ ಮಾತನ್ನು ನೆನಪಿಗೆ ತಂದರು. ಒಂದು ಭಾನುವಾರ ಬೆಳಗ್ಗೆ ತಾಯಿ ಮಗ ಇಬ್ಬರೂ ಬಸ್ಸು ಹತ್ತಿದೆವು.

ಮೊದಲು ಭೀಮಲಿಂಗೇಶ್ವರನ ಗುಡಿಗೆ ಹೋದೆವು. ಪಾಂಡವರು ಅರಗಿನ ಮನೆಯಿಂದ ಪಾರಾಗಿ, ಬ್ರಾಹ್ಮಣ ವೇಷದಲ್ಲಿ ತಂಗಿದ್ದ ಏಕಚಕ್ರಪುರವು ಇದೇ ಎಂದೂ, ಬಕನನ್ನು ಕೊಂದ ಮೇಲೆ ಭೀಮನು ಇಲ್ಲಿ ಲಿಂಗವನ್ನು ಸ್ಥಾಪಿಸಿದನೆಂದೂ ಸ್ಥಳಪುರಾಣ. ಏಕಚಕ್ರವೆಂಬ ಊರು ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿಯೂ ಇದೆ. ಅಲ್ಲಿಯವರೂ ಇದೇ ಕಥೆಯನ್ನು ಹೇಳುತ್ತಾರೆ. ಆದರೆ ತಣ್ಣಗಿನ ಆ ಕಲ್ಲುಮಂಟಪದಲ್ಲಿ ನಿಂತು, ಎದುರಿಗೆ ಕವಿದಿರುವ ಬೆಟ್ಟವನ್ನು ನೋಡಿದಾಗ ಬಂಗಾಳದ ವಾದವನ್ನು ಎತ್ತುವ ಮನಸ್ಸಾಗುವುದಿಲ್ಲ.

ವ್ಯಾಸಭಾರತದ ಆದಿಪರ್ವದಲ್ಲಿ ಬಕನ ಊಟದ ವಿವರ ಸ್ಪಷ್ಟವಾಗಿದೆ. ಸರದಿಯ ಮೇಲೆ ಒಂದೊಂದು ಮನೆಯವರು ಒಂದು ಬಂಡಿ ಅನ್ನವನ್ನೂ, ಎರಡು ಕೋಣಗಳನ್ನೂ, ಅವುಗಳನ್ನು ಹೊಡೆದುಕೊಂಡು ಬರುವ ಮನುಷ್ಯನನ್ನೂ ಅವನಿಗೆ ಒಪ್ಪಿಸಬೇಕಾಗಿತ್ತು. ಅದೇ ಪರ್ವದಲ್ಲಿ ಇನ್ನೊಂದು ಊಟದ ಲೆಕ್ಕವೂ ಇದೆ. ಅದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಪಾಂಡವರು ತಂದ ಭಿಕ್ಷಾನ್ನದಲ್ಲಿ ಅರ್ಧವನ್ನು ನಾಲ್ವರು ಮಕ್ಕಳೂ ಕುಂತಿಯೂ ಹಂಚಿಕೊಂಡು ಉಣ್ಣುತ್ತಿದ್ದರು. ಉಳಿದರ್ಧ ಭೀಮನೊಬ್ಬನಿಗೇ ಮೀಸಲು. ವೃಕೋದರ, ಎಂದರೆ ತೋಳನ ಹೊಟ್ಟೆಯವನು ಎಂಬ ಹೆಸರು ಅವನಿಗೆ ಸುಮ್ಮನೆ ಬಂದುದಲ್ಲ. ಬಕನಿಗೆಂದು ಕಳಿಸಿದ ಅನ್ನವನ್ನು, ಬಕನು ಬೆನ್ನಿಗೆ ಗುದ್ದುತ್ತಿದ್ದರೂ ಲೆಕ್ಕಿಸದೆ, ಅವನೇ ಉಂಡು ಮುಗಿಸಿದ. ಆದರೂ ಉಂಡ ಬಕ ರಾಕ್ಷಸನಾದ. ಉಂಡ ಭೀಮ ವೀರನಾದ.

ದಪ್ಪ ಮೈಯವರನ್ನು ಲೋಕವು ಈ ಎರಡೇ ಹೆಸರುಗಳಲ್ಲಿ ಗುರುತಿಸುತ್ತದೆ. ಶಾಲೆಯಲ್ಲಿ ನನ್ನನ್ನು ಬಕಾಸುರನೆಂದು ಕೂಗುತ್ತಿದ್ದರು. ಅಧ್ಯಾಪಕನಾದ ಮೇಲೆ ಬಡ್ತಿ ದೊರೆತು, ಸಹೋದ್ಯೋಗಿಗಳ ಬಾಯಲ್ಲಿ ಭೀಮಸೇನನಾದೆ. ಹಾಸ್ಯದಲ್ಲಿ ದ್ವೇಷವಿರಲಿಲ್ಲ, ನಿಜ. ಆದರೆ ದಪ್ಪಗಿರುವವನು ಎಲ್ಲರ ಪಾಲನ್ನೂ ಉಣ್ಣುವವನೆಂಬ ತೀರ್ಪು ಅದರೊಳಗೆ ಅಡಗಿತ್ತು. ಮದುವೆ ಮನೆಯ ಪಂಕ್ತಿಯಲ್ಲಿ ನಾನು ಎರಡನೆಯ ಸಲ ಅನ್ನ ಹಾಕಿಸಿಕೊಂಡರೆ ನಾಲ್ಕು ಕಣ್ಣುಗಳು ನನ್ನ ಎಲೆಯ ಮೇಲಿರುತ್ತಿದ್ದವು. ಪಕ್ಕದ ಸಣಕಲು ಮನುಷ್ಯನು ಐದನೆಯ ಸಲ ಹಾಕಿಸಿಕೊಂಡರೂ ಯಾರೂ ಎಣಿಸುತ್ತಿರಲಿಲ್ಲ.

ಐದೂವರೆ ಅಡಿ ಎತ್ತರದ ನಾನು ಚಿಕಿತ್ಸೆಗೆ ಮೊದಲು 124 ಕಿಲೋ ತೂಗುತ್ತಿದ್ದೆ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಬರುವ ಸಂಖ್ಯೆಯನ್ನು ವೈದ್ಯರು ದೇಹತೂಕದ ಸೂಚ್ಯಂಕವೆನ್ನುತ್ತಾರೆ. ಭಾರತೀಯರಲ್ಲಿ ಅದು 25ನ್ನು ಮುಟ್ಟಿದರೇ ಬೊಜ್ಜಿನ ಗಡಿ. ನನ್ನದು 44ರ ಸುಮಾರಿನಲ್ಲಿತ್ತು. ಮೂವತ್ತರ ವಯಸ್ಸಿಗೇ ಸಕ್ಕರೆ ಕಾಯಿಲೆ ಅಂಟಿಕೊಂಡಿತ್ತು. ನಡಿಗೆ, ಪಥ್ಯ, ಉಪವಾಸ ಎಲ್ಲವೂ ಆಗಿದ್ದವು. ಹತ್ತು ಕಿಲೋ ಇಳಿದರೆ ವರ್ಷದೊಳಗೆ ಹನ್ನೆರಡು ಏರುತ್ತಿತ್ತು. ತೂಕ ಇಳಿಯತೊಡಗಿದೊಡನೆ ದೇಹವು ಬರಗಾಲ ಬಂದಿತೆಂದು ಭಾವಿಸಿ, ಖರ್ಚನ್ನು ಕಡಿಮೆ ಮಾಡಿ ಹಸಿವನ್ನು ಹೆಚ್ಚಿಸುತ್ತದೆಂದು ವೈದ್ಯರು ವಿವರಿಸಿದರು. ಛಲವೊಂದರಿಂದಲೇ ಗೆಲ್ಲುವ ಯುದ್ಧ ಇದಲ್ಲವೆಂದು ಒಬ್ಬ ವೈದ್ಯರ ಬಾಯಿಂದ ಕೇಳಿದ ದಿನ ನನಗೆ ಎಷ್ಟೋ ಹಗುರವೆನಿಸಿತು.

ಈ ಬಗೆಯ ಶಸ್ತ್ರಚಿಕಿತ್ಸೆ ಹೊಸದೇನೂ ಅಲ್ಲ. ಜಠರವನ್ನು ಕಿರಿದು ಮಾಡಿ ಕರುಳಿಗೆ ಅಡ್ಡದಾರಿ ಕಲ್ಪಿಸುವ ವಿಧಾನವನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ 1966ರಲ್ಲಿ ಆರಂಭಿಸಿದರು. ನನಗೆ ಮಾಡಿದ್ದು ಅದಕ್ಕಿಂತ ಈಚಿನದು. ಹೊಟ್ಟೆಯ ಮೇಲೆ ಐದು ಸಣ್ಣ ರಂಧ್ರಗಳನ್ನು ಮಾಡಿ, ದೂರದರ್ಶಕ ನಳಿಕೆಯ ಸಹಾಯದಿಂದ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿಯಷ್ಟು ಗಾತ್ರದ ಒಂದು ಕೊಳವೆ. ತೆಗೆದುಹಾಕುವ ಭಾಗದಲ್ಲಿಯೇ ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ರಸದೂತವು ಹೆಚ್ಚಾಗಿ ಉತ್ಪತ್ತಿಯಾಗುತ್ತದೆ. ಜಪಾನಿನ ವಿಜ್ಞಾನಿಗಳು ಅದನ್ನು ಕಂಡುಹಿಡಿದದ್ದು 1999ರಲ್ಲಿ. ಭಾರತದ ಕವಿ ‘ತೋಳನ ಹೊಟ್ಟೆ’ ಎಂದು ಹೆಸರಿಟ್ಟ ಎಷ್ಟೋ ಶತಮಾನಗಳ ಮೇಲೆ ಹೊಟ್ಟೆಯೊಳಗಿನ ಆ ತೋಳದ ಸುಳಿವು ಸಿಕ್ಕಿತೆನ್ನಬಹುದು.

ಮನೆಯಲ್ಲಿ ಭಯವಿತ್ತು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವನಟಿಯೊಬ್ಬರು ಕೊಬ್ಬು ತೆಗೆಸುವ ಚಿಕಿತ್ಸೆಯ ತರುವಾಯ ತೀರಿಕೊಂಡ ಸುದ್ದಿಯನ್ನು ತಾಯಿಯವರು ಮರೆತಿರಲಿಲ್ಲ. ರೂಪಕ್ಕಾಗಿ ಕೊಬ್ಬನ್ನು ಹೀರಿ ತೆಗೆಯುವುದು ಬೇರೆ, ರೋಗಕ್ಕಾಗಿ ಜಠರವನ್ನು ಕಿರಿದು ಮಾಡುವುದು ಬೇರೆ ಎಂದು ತಿಳಿಸಿ ಹೇಳಬೇಕಾಯಿತು. ಹಾಗೆಂದು ಇದರಲ್ಲಿ ಅಪಾಯವೇ ಇಲ್ಲವೆಂದಲ್ಲ. ಹೊಲಿಗೆಯ ಸಾಲು ಸೋರಬಹುದು, ರಕ್ತಸ್ರಾವವಾಗಬಹುದು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಬಹುದು. ಇವೆಲ್ಲವನ್ನೂ ಓದಿ ಸಹಿ ಹಾಕಿದ ಮೇಲೆಯೇ ನನ್ನನ್ನು ಒಳಗೆ ಕರೆದೊಯ್ದರು.

ಮೊದಲ ಎರಡು ವಾರ ಗುಟುಕು ಗುಟುಕಾಗಿ ತಿಳಿ ಮಜ್ಜಿಗೆ, ಬೇಳೆಕಟ್ಟು, ತೆಳು ಗಂಜಿ. ಆಮೇಲೆ ಮಿದ್ದಿದ ಆಹಾರ. ನಾಲ್ಕನೆಯ ತಿಂಗಳು ತಲೆಗೂದಲು ಬಾಚಣಿಗೆಗೆ ಬಂದಿತು. ಕೆಲವು ತಿಂಗಳ ಮೇಲೆ ಮತ್ತೆ ಚಿಗುರಿತು. ಬಿ12, ಕಬ್ಬಿಣ, ಸುಣ್ಣಾಂಶಗಳ ಮಾತ್ರೆ ಜೀವಮಾನವೆಲ್ಲ ತಪ್ಪುವಂತಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ವೈದ್ಯರೇ ನಿಲ್ಲಿಸಿದ್ದಾರೆ. ಇಂದು ನನ್ನ ತೂಕ 88 ಕಿಲೋ. ವರ್ಷಗಳು ಕಳೆದಂತೆ ಸ್ವಲ್ಪ ಮರಳಿ ಏರುವುದುಂಟೆಂದು ಎಚ್ಚರಿಕೆ ಕೊಟ್ಟಿದ್ದಾರೆ.

ಇನ್ನು ಬೆಟ್ಟ. ಅಂದು ಬಿಸಿಲು ಏರುವುದಕ್ಕೆ ಮುಂಚೆಯೇ ಹತ್ತತೊಡಗಿದೆವು. ಹಾದಿಯ ಎರಡೂ ಪಕ್ಕದಲ್ಲಿ ಕುರುಚಲು ಗಿಡ, ಬಂಡೆಗಳ ಸಂದಿಯಲ್ಲಿ ಸೀತಾಫಲ, ತಲೆಯ ಮೇಲೆ ಮಂಗಗಳ ಹಿಂಡು. ತಾಯಿಯವರು ಅಲ್ಲಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದರು. ನಾನು ಅವರಿಗಾಗಿ ಕಾದು ನಿಲ್ಲುತ್ತಿದ್ದೆ. ಹಿಂದೆಲ್ಲ ಕಾಲೇಜಿನ ಮಹಡಿಯ ಮೆಟ್ಟಿಲಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದವನು ನಾನೇ. ಮೊಣಕಾಲು ನೋಯಲಿಲ್ಲವೆಂಬುದು ಅರ್ಧ ದಾರಿ ಕಳೆದ ಮೇಲೆ ನನಗೆ ಹೊಳೆಯಿತು.

ತಾತಯ್ಯನವರ ತಪಸ್ಸಿನ ಕಥೆಯನ್ನು ತಾಯಿಯವರು ಆ ದಾರಿಯಲ್ಲಿ ಹೇಳಿದರು. ಬಳೆ ಮಾರುವ ಮನೆತನದಲ್ಲಿ ಹುಟ್ಟಿದ ನಾರಾಯಣಪ್ಪನವರಿಗೆ ಪರದೇಶಿ ಸ್ವಾಮಿಗಳೆಂಬ ಗುರುಗಳು ದೊರೆತು, ಅಷ್ಟಾಕ್ಷರಿ ಮಂತ್ರವನ್ನು ಉಪದೇಶಿಸಿದರು. ಬಾಯಲ್ಲಿ ಬೆಣಚುಕಲ್ಲನ್ನು ಇಟ್ಟುಕೊಂಡು ಜಪಿಸು, ಅದು ಕಲ್ಲುಸಕ್ಕರೆಯಾದ ದಿನ ನಿನ್ನ ತಪಸ್ಸು ಫಲಿಸಿತೆಂದು ತಿಳಿ ಎಂದರಂತೆ. ಗುಹೆಯಲ್ಲಿ ಕುಳಿತು ಜಪಿಸಿದರು. ಕಲ್ಲು ಕರಗಿ ಸಿಹಿಯಾಯಿತು. ಮುಂದೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಕೀರ್ತನೆಗಳನ್ನು ರಚಿಸಿದರು. ಅವರ ‘ಕಾಲಜ್ಞಾನ’ ಈ ಸೀಮೆಯಲ್ಲಿ ಮನೆಮಾತಾಗಿದೆ. 1726ರಲ್ಲಿ ಜನಿಸಿ 1836ರವರೆಗೆ, ನೂರ ಹತ್ತು ವರ್ಷ ಬಾಳಿದರೆಂದು ಸಂಪ್ರದಾಯ.

ಕಥೆಯನ್ನು ಕೇಳಿದಾಗ ನನಗೆ ನೆನಪಾದದ್ದು ನನ್ನ ಮುದ್ದೆ. ನಮ್ಮ ಸೀಮೆಯಲ್ಲಿ ರಾಗಿಮುದ್ದೆಯನ್ನು ಅಗಿಯುವವರಿಲ್ಲ. ಸಾರಿನಲ್ಲಿ ಅದ್ದಿ ನುಂಗಬೇಕು. ನನಗಾದರೋ ಪ್ರತಿಯೊಂದು ತುತ್ತನ್ನೂ ನೀರಾಗುವವರೆಗೆ ಅಗಿಯಬೇಕೆಂದು ಕಟ್ಟಪ್ಪಣೆ. ಊಟದ ನಡುವೆ ನೀರು ಕುಡಿಯುವಂತಿಲ್ಲ. ಅರ್ಧ ಗಂಟೆ ತಾಳಬೇಕು. ಮುದ್ದೆಯನ್ನು ಅಗಿಯುವ ನನ್ನನ್ನು ನೋಡಿ ಬಂಧುಗಳು ನಕ್ಕಿದ್ದಾರೆ. ಆದರೆ ರಾಗಿ ನಿಧಾನವಾಗಿ ಅಗಿದಾಗ ಸಿಹಿಯಾಗುತ್ತದೆಂಬುದು ಮೂವತ್ತೈದು ವರ್ಷ ಮುದ್ದೆ ನುಂಗಿದ ನನಗೆ ತಿಳಿದದ್ದು ಈ ಚಿಕಿತ್ಸೆಯ ಅನಂತರವೇ.

ಇಳಿದು ಬಂದು, ಅಮರ ನಾರೇಯಣ ಸ್ವಾಮಿಯ ದರ್ಶನ ಮಾಡಿ, ಮಠಕ್ಕೆ ಹೋಗಿ ಪ್ರಸಾದದ ಪಂಕ್ತಿಯಲ್ಲಿ ಕುಳಿತೆವು. ನಿಜವಾದ ಪರೀಕ್ಷೆ ಇಲ್ಲಿತ್ತು. ಬಡಿಸುವ ಹಿರಿಯರು ಅನ್ನದ ಸೌಟನ್ನು ಎತ್ತಿದೊಡನೆ ನಾನು ಕೈ ಅಡ್ಡ ಹಿಡಿದು, “ಎರಡು ತುತ್ತು ಸಾಕು, ಸ್ವಾಮೀ” ಎಂದೆ.

“ಇಷ್ಟು ಆಳಿಗೆ ಎರಡು ತುತ್ತೇ? ಪ್ರಸಾದ, ಬೇಡ ಅನ್ನಬಾರದು.”

“ಬೇಡವೆನ್ನುತ್ತಿಲ್ಲ, ಸ್ವಾಮೀ. ಹಾಕಿಸಿಕೊಂಡು ಚೆಲ್ಲಬಾರದೆಂದು.”

ಅವರು ಒಂದು ಗಳಿಗೆ ನನ್ನ ಮುಖ ನೋಡಿ, “ಅದೂ ಸರಿಯೇ” ಎಂದು ಬೆರಳ ತುದಿಯಷ್ಟು ಅನ್ನ ಬಡಿಸಿ ಮುಂದೆ ಹೋದರು. ನಾನು ಅದನ್ನು ಉಂಡು ಮುಗಿಸುವುದರೊಳಗೆ ಇಡೀ ಪಂಕ್ತಿಯೇ ಎದ್ದಿತ್ತು.

ತಾಯಿಯವರು ಮಾತ್ರ ಎದ್ದಿರಲಿಲ್ಲ. ಕೈ ಒಣಗುತ್ತಿದ್ದರೂ ಪಕ್ಕದಲ್ಲಿಯೇ ಕುಳಿತಿದ್ದರು. ಆಗ ಅವರು ಮೆಲ್ಲಗೆ ಕೇಳಿದರು: “ನಾನು ಚಿಕ್ಕಂದಿನಲ್ಲಿ ಬಲವಂತ ಮಾಡಿ ಉಣ್ಣಿಸಿದೆನೇನಪ್ಪಾ? ಅದರಿಂದಲೇ ಇದೆಲ್ಲ ಆಯಿತೆ?”

ಒಂದೂವರೆ ವರ್ಷ ಈ ಮಾತು ಅವರ ಹೊಟ್ಟೆಯಲ್ಲಿತ್ತೆಂಬುದು ನನಗೆ ಗೊತ್ತಿರಲಿಲ್ಲ. ವೈದ್ಯರು ಕತ್ತಿಯನ್ನು ಹಿಡಿದದ್ದು ನನ್ನ ಜಠರಕ್ಕೆ; ಗಾಯವಾದದ್ದು ಉಣ್ಣಿಸಿದ ಕೈಗೂ ಸಹ. “ಇಲ್ಲಮ್ಮಾ. ತಂಗಿಗೂ ನೀನೇ ಉಣ್ಣಿಸಿದೆ, ಅವಳು ಕಡ್ಡಿಯಂತಿಲ್ಲವೆ? ಇದು ಅಪ್ಪನ ಕಡೆಯಿಂದ ರಕ್ತದಲ್ಲಿ ಬಂದದ್ದು, ವೈದ್ಯರೇ ಹೇಳಿದ್ದಾರೆ” ಎಂದೆ. ಅವರು ನಂಬಿದರೋ ಇಲ್ಲವೋ, ಸೆರಗಿನಿಂದ ಕಣ್ಣೊರಸಿಕೊಂಡು ಎದ್ದರು.

ಬಕನೂ ಸರಿ, ಭೀಮನೂ ಸರಿ, ಇವರಿಬ್ಬರೂ ನಾನಲ್ಲ ಎನಿಸಿದ್ದು ಆ ಪಂಕ್ತಿಯಲ್ಲಿ. ಬೊಜ್ಜು ಪಾಪವಾಗಿರಲಿಲ್ಲ, ಕರಗಿಸಿಕೊಂಡದ್ದು ಪುಣ್ಯವೂ ಅಲ್ಲ. ಅದು ರೋಗ, ಇದು ಔಷಧ. ಇಷ್ಟನ್ನು ನಮ್ಮ ಮನೆಗಳಲ್ಲಿ ಒಪ್ಪಿಕೊಂಡರೆ ಎಷ್ಟೋ ಮಕ್ಕಳು ಅಡ್ಡಹೆಸರಿನಿಂದಲೂ, ಎಷ್ಟೋ ತಾಯಂದಿರು ಅಳುಕಿನಿಂದಲೂ ಪಾರಾದಾರು.

ಸಮಯವಿದ್ದವರು ಚಿಂತಾಮಣಿಯ ದಾರಿಯಲ್ಲಿ, ಬಂಡೆಯನ್ನು ಕೊರೆದು ಈಚೆಗೆ ನಿರ್ಮಿಸಿರುವ ಕೈಲಾಸಗಿರಿಯ ಗುಹಾಲಯಗಳನ್ನೂ ನೋಡಿ ಬರಬಹುದು. ನಾವು ನೇರವಾಗಿ ಬೆಂಗಳೂರಿನ ಬಸ್ಸು ಹಿಡಿದೆವು. ಹೊಸಕೋಟೆಯ ಹತ್ತಿರ ತಾಯಿಯವರು ಚೀಲದಿಂದ ಚಿತ್ರಾನ್ನದ ಡಬ್ಬಿಯನ್ನು ತೆಗೆದರು. ಮುಚ್ಚಳದಲ್ಲಿ ಎರಡು ಚಮಚ ನನಗೆ ಹಾಕಿ, ಮೂರನೆಯದಕ್ಕೆ ಕೈ ಚಾಚದೆ, ಉಳಿದುದನ್ನೆಲ್ಲ ಮುಂದಿನ ಸೀಟಿನ ಮಕ್ಕಳಿಗೆ ಹಂಚಿದರು. ಕುಂತಿಯ ಲೆಕ್ಕ ತಲೆಕೆಳಗಾಗಿತ್ತು. ಬಡಿಸಿದ ಕೈಯಲ್ಲಿ ಮಾತ್ರ ಏನೂ ಕಡಿಮೆಯಾಗಿರಲಿಲ್ಲ.