ಕಾಡತೂಸಿನ ಬಾಯಿ

ನಮ್ಮ ಹಿರೇಕೊಟ್ನೆಕಲ್ಲಿನಲ್ಲಿ ಬಂದೂಕು ಅಂದ್ರೆ ಬೆಳೆ ಕಾಯೋ ಬಂದೂಕು. ದೊಡ್ಡಪ್ಪನ ಹತ್ತಿರ ಲೈಸೆನ್ಸಿನದು ಒಂದಿದೆ. ವರ್ಷಕ್ಕೆ ನಾಲ್ಕಾರು ಸಲ ಗಾಳಿಗೆ ಹಾರಿಸಿ ಹಂದಿ ಓಡಿಸೋದು ಬಿಟ್ರೆ ಅದಕ್ಕೆ ಬೇರೆ ಕೆಲಸವಿಲ್ಲ. ಚುನಾವಣೆ ಬಂತೋ, ಠಾಣೆಗೆ ಜಮಾ ಮಾಡಿ ಬರ್ತಾರೆ.

ಹೋದ ಹಿಂಗಾರಿಯಲ್ಲಿ ಅಣ್ಣನ ಮಗ ಮೊಬೈಲ್ ಹಿಡಿದು ಬಂದ. ಅಮೆರಿಕದವನೊಬ್ಬ ರಿವಾಲ್ವರಿನ ಖಾಲಿ ಕಾಡತೂಸಿಗೆ ಮನೆಯಲ್ಲೇ ಮದ್ದು, ಗುಂಡು ತುಂಬಿ, ಕೈಯಂತ್ರದಲ್ಲಿ ಅದರ ಬಾಯಿ ಒತ್ತುತ್ತಿದ್ದ.

"ಕಾಕಾ, ಅಜ್ಜಂದು ಖಾಲಿ ಕಾಡತೂಸು ಡಬ್ಬಿ ತುಂಬ ಅದಾವ. ನಾವೂ ತುಂಬಿದ್ರ ರೊಕ್ಕ ಉಳೀತದಲ್ಲ?"

"ಬಾಯಿ ಯಾಕ ಒತ್ತಾನ, ಗೊತ್ತೇನು?"

"ಗುಂಡು ಬೀಳಬಾರದಂತ."

ಅರ್ಧ ಸರಿ. ಮಾನ್ವಿ ಸ್ಟ್ಯಾಂಡಿನಲ್ಲಿ ಬಸ್ಸು ಒಮ್ಮೆಲೇ ಮುಂದೆ ಜಗ್ಗಿದ್ರೆ ನಿಂತವರು ಹಿಂದಕ್ಕೆ ವಾಲ್ತೀವಲ್ಲ, ಅದೇ ಲೆಕ್ಕ. ಒಂದು ಗುಂಡು ಹಾರಿದಾಗ ರಿವಾಲ್ವರ್ ಹಿಂದಕ್ಕೆ ಒದೀತದೆ. ಉಳಿದ ಕಾಡತೂಸುಗಳು ಬುಡದ ಅಂಚಿನಿಂದ ಸಿಕ್ಕಿಕೊಂಡು ಅದರ ಜೊತೆ ಹಿಂದೆ ಸರೀತಾವೆ, ಒಳಗಿನ ಗುಂಡುಗಳು ಮಾತ್ರ ಇದ್ದಲ್ಲೇ ಇರಲು ನೋಡ್ತಾವೆ. ಬಾಯಿ ಸಡಿಲಿದ್ರೆ ಗುಂಡು ಮುಂದೆ ಜಾರಿ ಹೊರಗೆ ಇಣುಕ್ತದೆ. ಆಮೇಲೆ ಉರುಳೆ ತಿರುಗೋದಿಲ್ಲ. ಅದಕ್ಕೇ ಗುಂಡಿನ ಸುತ್ತ ಒಂದು ಗೀರು ಇಟ್ಟು, ಹಿತ್ತಾಳೆಯ ಅಂಚನ್ನು ಅದರೊಳಗೆ ಮಡಚೋದು. ಅವ್ವ ಕರ್ಚಿಕಾಯಿ ಅಂಚು ಒತ್ತೋ ಹಾಗೆ. ಕಡಿಮೆ ಒತ್ತಿದ್ರೆ ಹೂರಣ ಎಣ್ಣೆ ಪಾಲು. ಆದರೆ ಇಲ್ಲಿ ಹೆಚ್ಚು ಒತ್ತಿದರೂ ಕೆಟ್ಟದ್ದೇ, ಕಾಡತೂಸು ಉಬ್ಬಿ ಗೂಡಿಗೇ ಇಳಿಯೋದಿಲ್ಲ.

ದೊಡ್ಡಪ್ಪನದು ಹನ್ನೆರಡು ಬೋರಿನದು, ಅದರ ಸಂಗತಿ ಬೇರೆ. ಅಲ್ಲಿ ಬಾಯಿ ಮಡಚೋದು ಛರ್ರಾ ಚೆಲ್ಲದಿರಲಿ ಅಂತ. ಹಳೆಯ ಕಾಗದದ ಕಾಡತೂಸುಗಳಲ್ಲಿ ರಟ್ಟಿನ ಬಿಲ್ಲೆ ಇಟ್ಟು ಅಂಚು ಸುರುಳಿ ಮಾಡ್ತಿದ್ರು, ಈಗಿನ ಪ್ಲಾಸ್ಟಿಕ್ಕಿನವಕ್ಕೆ ಆರೋ ಎಂಟೋ ನಿರಿಗೆ.

ನನಗೆ ಹೆದರಿಕೆ ಬಂದದ್ದು ಬಾಯಿಯ ವಿಷಯಕ್ಕಲ್ಲ. "ಮದ್ದು ಎಲ್ಲಿಂದ ತರ್ತೀಯೋ?" ಅಂದ್ರೆ, "ದೀಪಾವಳಿ ಪಟಾಕಿ ಉಳದಾವ" ಅಂದ! ಪಟಾಕಿ ಮದ್ದಿಗೂ ಕಾಡತೂಸಿನ ಮದ್ದಿಗೂ ಹೆಸರೊಂದೇ, ಉರಿಯೋ ರೀತಿ ಬೇರೆ ಬೇರೆ. ನಳಿಗೆ ಸಿಡಿದ್ರೆ ಹೋಗೋದು ಹಿಡಿದವನ ಬೆರಳು, ಕಣ್ಣು. ಹಿಡಿಯೋವ್ರು ದೊಡ್ಡಪ್ಪ, ಇವನಲ್ಲ.

ಕಾನೂನು ಇನ್ನೊಂದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸೋಕೆ ಬೇರೆಯೇ ಲೈಸೆನ್ಸ್ ಬೇಕು. ಬಂದೂಕು ಇಟ್ಟುಕೊಳ್ಳೋ ಪುಸ್ತಕ ತೋರಿಸಿದ್ರೆ ನಡೆಯೋದಿಲ್ಲ. "ಕೊಡಗಿನವ್ರಿಗೆ ಲೈಸೆನ್ಸೇ ಬೇಡಂತಲ್ಲ" ಅಂತ ವಾದಕ್ಕೆ ನಿಂತ. 1861ರಿಂದ ಬಂದ ಆ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿರೋದು ನಿಜ, ಆದರೆ ಅದು ಬಂದೂಕು ಇಟ್ಟುಕೊಳ್ಳಲಿಕ್ಕೆ.

ಎಲ್ಲ ಕೇಳಿಸಿಕೊಳ್ತಾ ಕೂತಿದ್ದ ದೊಡ್ಡಪ್ಪ ಎದ್ದು ಹೋಗಿ, ಡಬ್ಬಿಯನ್ನು ತಮ್ಮ ಟ್ರಂಕಿಗೆ ಹಾಕಿ ಕೀಲಿ ಜಡಿದರು. ಹಂದಿಗಳೇನೂ ಬರೋದು ಬಿಟ್ಟಿಲ್ಲ. ಕಡಲೆ ಹೊಲದಲ್ಲಿ ರಾತ್ರಿ ತಗಡು ಬಡಿಯೋ ಪಾಳಿ ಈಗ ಅಣ್ಣನ ಮಗನದು.