ಮೂಡಲ್ ಏರಿದ ಪಾಠ

“ಇಷ್ಟೊತ್ತನ್ಯಾಗ ಏನ್ ಮಾಡಾಕತ್ತೀ ತಮ್ಮಾ?”

“ಮೂಡಲ್‌ಗೆ ಪಾಠ ಏರಿಸಾಕತ್ತೀನವ್ವಾ.”

“ಮೂಡಲಕ್ಕ ಹೊತ್ತು ಏರೂದು ಗೊತ್ತು. ಪಾಠಾನೂ ಏರತೈತೇನು?”

ರವಿವಾರ ರಾತ್ರಿ. ಸುರೇಬಾನದ ನಮ್ಮ ಮನೆಯ ಮಾಳಿಗೆ. ಪಡಸಾಲೆಯಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುವುದರಿಂದ ಲ್ಯಾಪ್‌ಟಾಪ್ ಹೊತ್ತು ಮೇಲೇರುವುದು ಈ ಭೂಗೋಳದ ಮೇಷ್ಟರ ರೂಢಿ.

ಅವ್ವನ ದಿಕ್ಕು ತೀರಾ ತಪ್ಪಿಲ್ಲ. ಮೂಡಲ್ ಎಂಬ ಆನ್‌ಲೈನ್ ಪಾಠದ ತಂತ್ರಾಂಶ ಹುಟ್ಟಿದ್ದು ನಮಗೆ ಆಗ್ನೇಯದಲ್ಲಿರುವ ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಕಟ್ಟಿದಾತ ಮಾರ್ಟಿನ್ ಡೂಗಿಯಾಮಸ್. ಮರುಭೂಮಿಯಲ್ಲಿ ಬೆಳೆದ ಆತನಿಗೆ ಬಾಲ್ಯದ ಪಾಠ ಬರುತ್ತಿದ್ದದ್ದು ರೇಡಿಯೋದಲ್ಲಿ. 2002ರ ಆಗಸ್ಟ್‌ನಲ್ಲಿ ಮೂಡಲ್‌ನ ಮೊದಲ ಆವೃತ್ತಿ ಹೊರಬಿತ್ತು. ಯಾರು ಬೇಕಾದರೂ ಕಾಸಿಲ್ಲದೆ ಬಳಸಬಹುದು, ತಿದ್ದಬಹುದು. ಮಾಳಿಗೆಯ ಮೇಲೆ ಸಿಗ್ನಲ್ ಹುಡುಕುವವನಿಗೆ ಆತ ನಮ್ಮೂರವನೇ ಅನಿಸುತ್ತಾನೆ.

ಪಾಠ ಏರಿಸುವುದೂ ಒಂದು ಕಸುಬು, ಅವಸರ ಸಲ್ಲದು. ನನ್ನ ಹಳೆಯ ಟಿಪ್ಪಣಿಗಳೆಲ್ಲ ‘ನುಡಿ’ ಫಾಂಟಿನಲ್ಲಿ ಟೈಪಾದವು, ಹುಡುಗರ ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಯೂನಿಕೋಡಿಗೆ ತಿರುಗಿಸಿದರೂ ಅಲ್ಲೊಂದು ಒತ್ತು, ಇಲ್ಲೊಂದು ದೀರ್ಘ ಜಾರಿರುತ್ತದೆ. ಅಕ್ಕಿಯಲ್ಲಿ ಹರಳು ಆರಿಸಿದಂತೆ ಆರಿಸಬೇಕು. 40 ಎಂಬಿಯ ಪಿಡಿಎಫ್ ಅನ್ನು 2ಕ್ಕೆ ಇಳಿಸಬೇಕು. ಡೇಟಾದ ದುಡ್ಡು ಹುಡುಗರ ಕಿಸೆಯದು. ‘ನೋಟ್ಸ್ ಫೈನಲ್ ಹೊಸದು 2’ ಎಂಬ ಹೆಸರು ಅಳಿಸಿ ‘2019ರ ಮಲಪ್ರಭೆಯ ಮಹಾಪೂರ: ನೀರು ಎಲ್ಲಿಂದ ಬಂತು?’ ಎಂದು ಬರೆದ ಕ್ಷಣ ಕಡತಕ್ಕೆ ಜೀವ ಬರುತ್ತದೆ. ಕೆಳಗೆ ನವಿಲುತೀರ್ಥ ಅಣೆಕಟ್ಟಿನ ನಕ್ಷೆ, ಅದರ ಕೆಳಗೆ ಐದು ಪ್ರಶ್ನೆ. ಅವ್ವ ರೊಟ್ಟಿ ಬುಟ್ಟಿ ಜೋಡಿಸಿದಂತೆ ವಾರಕ್ಕೊಂದು ಗೂಡು ತುಂಬುತ್ತ ಹೋಗುವುದೇ ಸುಖ.

ಪ್ರತಿ ಪಾಠಕ್ಕೂ ಒಂದು ಕಣ್ಣಿನ ಗುರುತು. ಅದರ ಮೇಲೆ ಅಡ್ಡಗೆರೆ ಇದ್ದರೆ ಹುಡುಗರಿಗೆ ಪಾಠ ಕಾಣದು. ಒಮ್ಮೆ ಪ್ರಶ್ನೆಗಳ ಜತೆ ಉತ್ತರದ ಕಡತದ ಕಣ್ಣನ್ನೂ ತೆರೆದುಬಿಟ್ಟಿದ್ದೆ. ಮರುದಿನ ನೋಡಿದರೆ ಇಡೀ ತರಗತಿ ಬೃಹಸ್ಪತಿಗಳಿಂದ ತುಂಬಿತ್ತು. ಒಬ್ಬ ಹುಡುಗ ಮಾತ್ರ ಮೆಲ್ಲಗೆ ಬಂದು, “ಸರ್, ಮೂರನೇ ಉತ್ತರ ತಪ್ಪೈತ್ರಿ” ಅಂದ. ಹೌದು, ತಪ್ಪಿತ್ತು.

ಅಂದಿನಿಂದ ಒಂದು ನೇಮ. ಮೂಡಲ್‌ನಲ್ಲಿ ಮೇಷ್ಟರು ಕೆಲಹೊತ್ತು ವಿದ್ಯಾರ್ಥಿಯ ಪಾತ್ರಕ್ಕೆ ಇಳಿದು ಪಾಠ ನೋಡಬಹುದು. ಆ ಗುಂಡಿ ಒತ್ತಿದಾಗಲೆಲ್ಲ ನಮ್ಮೂರಿನ ಶಬರಿಕೊಳ್ಳ ನೆನಪಾಗುತ್ತದೆ. ರಾಮನಿಗಾಗಿ ಶಬರಿ ಬೋರೆಹಣ್ಣು ಕಚ್ಚಿ ನೋಡಿದ್ದು ಇಲ್ಲೇ ಎಂಬುದು ಊರಿನ ನಂಬಿಕೆ. ಹಣ್ಣಿಗೆ ಸಲ್ಲುವ ನ್ಯಾಯ ಪಾಠಕ್ಕೂ ಸಲ್ಲಬೇಕು. ಮೇಷ್ಟರ ಬಾಯಿಗೆ ಹುಳಿಯಾದದ್ದು ಹುಡುಗರಿಗೆ ಸಿಹಿಯಾಗುವುದಿಲ್ಲ.

ಗಂಟೆ ಹನ್ನೊಂದಾಯಿತು. ಅವ್ವ ಮಲಗಿದ್ದಾಳೆ. ಐದನೇ ಪ್ರಶ್ನೆಯನ್ನು ಇನ್ನೂ ಕಚ್ಚಿ ನೋಡಿಲ್ಲ. ಅಲ್ಲಿಯವರೆಗೆ ಈ ವಾರದ ಕಣ್ಣು ತೆರೆಯುವುದಿಲ್ಲ.